ಮೂರು ಕಂಬ, ನಾಲ್ಕು ಮಾಲೀಕರು

ನಾವು ಟೆಕ್ಸಸ್ಸಿನ ಪೇರ್ಲ್ಯಾಂಡ್‌ಗೆ ಬಂದ ಹೊಸದರಲ್ಲಿ ಮನೆಗೆ ಇದ್ದದ್ದು ಒಂದೇ ಕಾರು. ನನ್ನ ಗಂಡ ಹ್ಯೂಸ್ಟನ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಅವರನ್ನು ಅಲ್ಲಿಳಿಸಿ, ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡು ನಾನು ವಾಪಸು ಡ್ರೈವ್ ಮಾಡಿಕೊಂಡು ಬರುತ್ತಿದ್ದೆ. ಕಾರು ನಮಗಿಂತ ಮೊದಲು ಮೂರು ಜನರ ಕೈ ದಾಟಿ ಬಂದಿತ್ತು. ಅದರ ರೇಡಿಯೋದಲ್ಲಿ ಎಫ್ಎಂ ಬರೀ ಗೊರಗೊರ ಅನ್ನುತ್ತಿತ್ತು. ಎಎಂನಲ್ಲಿ ಒಂದೇ ಒಂದು ಸ್ಟೇಷನ್ ಸ್ಪಷ್ಟವಾಗಿ ಕೇಳುತ್ತಿತ್ತು. ಅದರ ಪ್ರಸಾರದ ಮೂರು ಕಂಬಗಳು ನಮ್ಮ ಮನೆಯಿಂದ ಹತ್ತು ಮೈಲಿ ಆಚೆ, ದನ ಮೇಯುವ ಬಯಲಿನಲ್ಲಿ ನಿಂತಿದ್ದವು.

ಆಗ ಆ ಸ್ಟೇಷನ್ ಒಂದು ರೈತ ಕುಟುಂಬದ ಕೈಯಲ್ಲಿತ್ತು. ದಿನವಿಡೀ ಗಿಟಾರಿನ ಹಳೇ ಕಂಟ್ರಿ ಹಾಡು, ನಡುವೆ ಮಳೆ ಬಿಸಿಲಿನ ಸುದ್ದಿ. ಏಳೂವರೆಗೆ ಸರಿಯಾಗಿ ಒಬ್ಬ ಮುದುಕ ಬಂದು ದನದ ರೇಟು ಓದುತ್ತಿದ್ದ. ಹೋರಿ ಎಷ್ಟು, ಕರು ಎಷ್ಟು, ಆಮೇಲೆ ಭತ್ತ, ಹತ್ತಿ, ಮೈಲೋ. ಈ ಮೈಲೋ ಏನು ಅಂತ ನನಗೆ ಗೊತ್ತಿರಲಿಲ್ಲ, ಯಾವುದೋ ಮೇವಿರಬೇಕು ಅಂದುಕೊಂಡಿದ್ದೆ. ಆತನ ಮಾತು ಎಷ್ಟು ನಿಧಾನವೆಂದರೆ ಒಂದೊಂದು ಪದವನ್ನೂ ನೆಲಕ್ಕಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ. ವಿಜಯಪುರದ ಕಾಲೇಜಿನಲ್ಲಿ ನಾನು ಕಲಿತ ಇಂಗ್ಲಿಷು ಇಲ್ಲಿನ ಅಂಗಡಿಯವರಿಗೆ ಅರ್ಥವಾಗುತ್ತಿರಲಿಲ್ಲ, ಅವರದ್ದು ನನಗೆ ಅರ್ಥವಾಗುತ್ತಿರಲಿಲ್ಲ. ನಾನು ಟೆಕ್ಸಸ್ಸಿನ ಇಂಗ್ಲಿಷು ಕಲಿತದ್ದು ಆ ದನದ ರೇಟಿನಿಂದ. ಅವನು ಅಂದದ್ದನ್ನು ನಾನೂ ಗಟ್ಟಿಯಾಗಿ ಅನ್ನುತ್ತಿದ್ದೆ, ಹಿಂದಿನಿಂದ ಮಗಳೂ ಅನ್ನುತ್ತಿದ್ದಳು. ಇವತ್ತು ಹೋರಿ ಇಳಿದಿದೆ ಅಂತ ಅವಳು ತನ್ನ ಪ್ರೀಸ್ಕೂಲಿನಲ್ಲಿ ಹೇಳಿ, ಟೀಚರು ನಮ್ಮನ್ನು ದನ ಸಾಕುವವರು ಅಂದುಕೊಂಡಿದ್ದರು.

ಒಂದು ಸೋಮವಾರ ಏಳೂವರೆಗೆ ಮುದುಕನ ಬದಲು ಹಿಂದಿ ಹಾಡು ಬಂತು. ಮಗಳು ಏನೋ ತಿರುಗಿಸಿದಳು ಅಂದುಕೊಂಡು ಹಿಂದೆ ನೋಡಿದರೆ ಅವಳು ಕಟ್ಟಿದ ಬೆಲ್ಟಿನಲ್ಲೇ ಕೂತಿದ್ದಳು. ಹಾಡಾದ ಮೇಲೆ ಸೀರೆ ಅಂಗಡಿಯ ಜಾಹೀರಾತು, ಆಮೇಲೆ ಇನ್ಶೂರೆನ್ಸಿನದು. ನಾನು ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಕೇಳಿದೆ. ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಮುದುಕನಿಗೆ ಏನಾಯಿತು ಅನ್ನೋದೂ ಮನಸ್ಸಿನಲ್ಲಿ ಕೊರೆಯತೊಡಗಿತು. ಮನೆಗೆ ಹೋಗಿ, ರೇಡಿಯೋದಲ್ಲಿ ಹೇಳುತ್ತಿದ್ದ ನಂಬರಿಗೆ ಫೋನ್ ಮಾಡಿ, ದನದ ರೇಟು ಓದುವವರು ಎಲ್ಲಿ ಅಂತ ಕೇಳಿದೆ.

ಎತ್ತಿದವರು ಹೊಸ ಮಾಲೀಕರೇ. ಹಳಬರ ಮಕ್ಕಳು ಸ್ಟೇಷನ್ ಮಾರಿದ್ದಾರೆ, ಮುದುಕ ಆರಾಮಾಗಿ ಮೊಮ್ಮಕ್ಕಳ ಜೊತೆ ಇದ್ದಾನೆ ಅಂದರು. ಬೆಳಗಿನಿಂದ ನಮ್ಮ ಜನರ ಫೋನು ಬರುತ್ತಲೇ ಇದೆ, ಎಲ್ಲರೂ ಹಾಡು ಕೇಳುತ್ತಾರೆ, ದನದ ರೇಟು ಕೇಳಿದ ಇಂಡಿಯಾದವರು ನೀವೊಬ್ಬರೇ ಅಂತ ನಕ್ಕರು. ಯಾವ ಊರು ಅಂದರು. ವಿಜಯಪುರ ಅಂದೆ. ತಕ್ಷಣ ಅವರ ಹಿಂದಿ ದಖ್ಖನಿ ಉರ್ದುವಿಗೆ ತಿರುಗಿತು. ಅವರು ಹೈದರಾಬಾದಿನವರು. ನಾನು ಬೆಳೆದದ್ದು ದಖ್ಖನಿ ಮಾತಾಡುವ ಓಣಿಯಲ್ಲಿ. ಬೇಡ ಅನ್ನುವುದಕ್ಕೆ ಅವರು 'ನಕ್ಕೋ' ಅಂದರೆ ನನಗೆ ಅನುವಾದ ಬೇಕಿರಲಿಲ್ಲ. ಕೆಲಸಕ್ಕೆ ಬರುತ್ತೀರಾ ಅಂತ ಅಂದೇ ಕೇಳಿದರು. ಗ್ರೀನ್ ಕಾರ್ಡ್ ಬಂದಿಲ್ಲ, ಕೆಲಸ ಮಾಡುವ ಹಾಗಿಲ್ಲ ಅಂದೆ. ಕೆಲವು ವರ್ಷವಾದ ಮೇಲೆ ಅದು ಬಂದ ವಾರವೇ ಮತ್ತೆ ಫೋನ್ ಮಾಡಿದರೆ, ಹೆಸರು ಮರೆತಿದ್ದರು. "ದನದ ರೇಟಿನವರಾ? ಬನ್ನಿ" ಅಂದರು.

ಎಲ್ಲರೂ ಅವರನ್ನು ಭಾಯಿಸಾಬ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸ್ಟೇಷನ್ ಇದ್ದದ್ದು ಬಟ್ಟೆ ಒಗೆಯುವ ಅಂಗಡಿಗೂ ಟೈರ್ ಅಂಗಡಿಗೂ ನಡುವೆ. ಒಂದು ಗೋಡೆಯಿಂದ ಸೋಪಿನ ವಾಸನೆ, ಇನ್ನೊಂದರಿಂದ ರಬ್ಬರಿನದು. ನನ್ನ ಕೆಲಸ ಬಟನ್ ಒತ್ತುವುದು. ಹಾಡಿನ ನಂತರ ಜಾಹೀರಾತು ಬಿಡಬೇಕು, ಫೋನು ಮಾಡಿದವರನ್ನು ಸರದಿಯಲ್ಲಿ ಕಾಯಿಸಬೇಕು, ಗಂಟೆಗೊಮ್ಮೆ ಸ್ಟೇಷನ್ನಿನ ನಾಲ್ಕಕ್ಷರದ ಹೆಸರನ್ನೂ ಊರನ್ನೂ ತಪ್ಪದೆ ಹೇಳಬೇಕು. ಇದನ್ನೆಲ್ಲ ಕಲಿಸಿದವರು ಎಂಜಿನಿಯರ್. ರೈತ ಕುಟುಂಬದ ಕಾಲದಿಂದಲೂ ಕಂಬಗಳನ್ನು ನೋಡಿಕೊಳ್ಳುತ್ತಿದ್ದ, ಭುಜಕ್ಕೆ ಪಟ್ಟಿ ಹಾಕಿದ ಪ್ಯಾಂಟಿನ ಎತ್ತರದ ಟೆಕ್ಸಸ್ ಮನುಷ್ಯ. ಮಾಲೀಕರು ಬದಲಾದಾಗ ಕುರ್ಚಿ ಮೇಜಿನ ಜೊತೆ ತಾನೂ ಲೆಕ್ಕಕ್ಕೆ ಸೇರಿ ಬಂದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದರು.

ಎಎಂ ಅಲೆಗಳು ಸೂರ್ಯ ಮುಳುಗಿದ ಮೇಲೆ ಬಹಳ ದೂರ ಓಡುತ್ತವೆ, ಬೇರೆ ಊರಿನ ಸ್ಟೇಷನ್ನುಗಳ ಮೇಲೆ ಹೋಗಿ ಬೀಳುತ್ತವೆ. ಅದಕ್ಕೆ ಸಂಜೆಯಾದೊಡನೆ ನಮ್ಮ ಪವರ್ ಇಳಿಸಬೇಕು. ಯಾವ ತಿಂಗಳು ಎಷ್ಟು ಹೊತ್ತಿಗೆ ಅಂತ ಒಂದು ಪಟ್ಟಿ ಗೋಡೆಯ ಮೇಲಿತ್ತು. ಇಳಿಸುವುದು ನನ್ನ ಪಾಲಿಗೆ ಬಂದಿತ್ತು. ನವೆಂಬರಿನಲ್ಲಿ ಬೇಗ, ಜೂನಿನಲ್ಲಿ ತಡ. ಹೊರಗೆ ಟೈರಿನವರು ಶಟರ್ ಎಳೆಯುವ ಹೊತ್ತಿಗೆ ನಾನು ಆ ಬಟನ್ ಒತ್ತಿ, ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕುತ್ತಿದ್ದೆ. ಇಡೀ ದಿನದಲ್ಲಿ ನನಗೆ ಬಹಳ ಇಷ್ಟದ ಕೆಲಸ ಅದೇ ಆಗಿತ್ತು.

ಒಂದು ವರ್ಷವಾದ ಮೇಲೆ ಭಾಯಿಸಾಬ್ ನನಗೆ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೊಟ್ಟರು, ನಿಮ್ಮ ಕನ್ನಡದಲ್ಲಿ ಏನಾದರೂ ಮಾಡಿ ಅಂತ. ನಾನು ಎರಡು ದಿನ ಕೂತು ಬರೆದು, ಗಂಟಲು ಸರಿಮಾಡಿಕೊಂಡು ಓದಿದೆ. 'ಇದೀಗ ತಾವು ಆಲಿಸಲಿದ್ದೀರಿ' ಅಂತ ಶುರು. ಎರಡು ಭಕ್ತಿಗೀತೆ, ಮೂರು ಸಿನಿಮಾ ಹಾಡು, ಕನ್ನಡ ಸಂಘದ ಪಿಕ್ನಿಕ್ಕಿನ ಸುದ್ದಿ. ಮನೆಗೆ ಬಂದರೆ ಮಗಳು ಇಂಗ್ಲಿಷಿನಲ್ಲಿ, ನೀನು ಯಾಕೆ ಯಾರೋ ಸತ್ತ ಸುದ್ದಿ ಓದುವವರ ಥರ ಮಾತಾಡಿದೆ ಅಂತ ಕೇಳಿದಳು. ನನ್ನ ಗಂಡ ಮುಖ ತಿರುಗಿಸಿ ನಕ್ಕಿದ್ದು ಕಂಡಿತು. ಆದರೂ ಮುಂದಿನ ಮೂರು ವರ್ಷ ನಾನು ಹಾಗೇ ಓದಿದೆ. ಬೇರೆ ರೀತಿ ಇರಬಹುದು ಅಂತ ಹೊಳೆದೇ ಇರಲಿಲ್ಲ.

ಬರಬರುತ್ತಾ ಎಲ್ಲರ ಹಾಡೂ ಅವರವರ ಫೋನಿನೊಳಗೆ ಬಂತು. ಸೀರೆ ಅಂಗಡಿಯವರು ಜಾಹೀರಾತು ನಿಲ್ಲಿಸಿದರು. ಒಂದು ಮಧ್ಯಾಹ್ನ ಭಾಯಿಸಾಬ್ ತಾವೇ ಚಹಾ ಮಾಡಿ, ನಮ್ಮನ್ನೆಲ್ಲ ಕೂರಿಸಿ, ಸ್ಟೇಷನ್ನನ್ನು ಒಂದು ಸ್ಪ್ಯಾನಿಶ್ ಚರ್ಚಿನವರು ಕೊಂಡಿದ್ದಾರೆ, ತಾವು ಡಾಲಸ್‌ಗೆ ಮಗಳ ಹತ್ತಿರ ಶಿಫ್ಟ್ ಆಗುತ್ತೇವೆ ಅಂದರು. ದುಃಖದ ಮುಖವೇನೂ ಇರಲಿಲ್ಲ. ನನ್ನ ಮುಖ ನೋಡಿ, ದಖ್ಖನಿಯಲ್ಲಿ, "ಕಾಯ್ಕು ಡರ್ತೇ? ಹೊಸಬರಿಗೆ ಬಟನ್ ಗೊತ್ತಿಲ್ಲ, ನಿಮಗೆ ಗೊತ್ತು" ಅಂದರು. ಹೆದರಬೇಡಿ ಅನ್ನುವ ಆ ಮಾತು ನಿಜವೇ ಆಯಿತು.

ಚರ್ಚಿನ ಪಾದ್ರಿಯವರು ಮೈಕಿನ ಮುಂದೆ ಮಾತ್ರ ಕಾಣುತ್ತಿದ್ದರು. ಸ್ಟೇಷನ್ ನಡೆಸಿದ್ದು ಅವರ ಹೆಂಡತಿ. ಕುಳ್ಳಗೆ, ಕನ್ನಡಕವನ್ನು ಸರಪಣಿಯಲ್ಲಿ ಕೊರಳಿಗೆ ಹಾಕಿಕೊಂಡು, ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು ಓಡಾಡುತ್ತಿದ್ದರು. ಮೊದಲ ದಿನವೇ ನನ್ನನ್ನು ಇರಿ ಅಂದರು. ವಾರದ ಪಟ್ಟಿ ನೋಡುತ್ತಾ ಭಾನುವಾರದ ಅರ್ಧ ಗಂಟೆಯ ಮೇಲೆ ಬೆರಳಿಟ್ಟು, ಇದೇನು ಅಂತ ಕೇಳಿದರು. ಹೇಳಿದೆ. ಒಂದು ದಿನ ಯೋಚಿಸಿ, ಮರುದಿನ ನೇರವಾಗಿಯೇ ಹೇಳಿದರು. ಅರ್ಧ ಗಂಟೆ ನಿಮ್ಮದೇ ಇರಲಿ, ಆದರೆ ಬೇರೆ ದೇವರ ಹಾಡು ನಮ್ಮ ಸ್ಟೇಷನ್ನಿನಲ್ಲಿ ಹಾಕುವ ಹಾಗಿಲ್ಲ, ಸಿನಿಮಾ ಹಾಡೂ ಬೇಡ, ಮಾತಾಡುವುದಾದರೆ ಮಾತಾಡಿ.

ದೇವಸ್ಥಾನದಲ್ಲಿ ಈ ಸುದ್ದಿ ಕೇಳಿ ಕೆಲವರು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡರು. ಬಿಟ್ಟುಬಿಡು ಅಂದರು. ನನಗೂ ಎರಡು ದಿನ ಮನಸ್ಸು ಕಹಿಯಾಗಿತ್ತು. ಆಮೇಲೆ, ಅವರ ಮನೆಯೊಳಗೆ ಅವರ ದೇವರು, ಹೊರಗೆ ನಿಲ್ಲಿಸದೆ ಒಳಗೆ ಕರೆದು ಕುರ್ಚಿ ಹಾಕಿದ್ದಾರಲ್ಲ ಅನ್ನಿಸಿತು. ನಿಜವಾದ ಕಷ್ಟ ಬೇರೆ ಇತ್ತು. ಹಾಡು ತೆಗೆದರೆ ನನ್ನ ಕಾರ್ಯಕ್ರಮದಲ್ಲಿ ಉಳಿಯುತ್ತಿದ್ದದ್ದು ಪಿಕ್ನಿಕ್ಕಿನ ಸುದ್ದಿ ಮಾತ್ರ. ಮೊದಲ ಭಾನುವಾರ ಹನ್ನೊಂದು ನಿಮಿಷಕ್ಕೆ ಮಾತು ಮುಗಿದು, ಉಳಿದ ಹೊತ್ತೆಲ್ಲ ಹವಾಮಾನ ಓದಿದೆ. ಹ್ಯೂಸ್ಟನ್ ಆಯಿತು, ಆಸ್ಟಿನ್ ಆಯಿತು, ಡಾಲಸ್ ಆಯಿತು, ಕೊನೆಗೆ ಮತ್ತೆ ಹ್ಯೂಸ್ಟನ್.

ಆ ವಾರ ರೊಟ್ಟಿ ತರಲು ಆಂಟಿಯ ಮನೆಗೆ ಹೋಗಿದ್ದೆ. ಬಾಗಲಕೋಟೆ ಕಡೆಯ ಈ ಆಂಟಿ ಪೇರ್ಲ್ಯಾಂಡ್‌ಗೆ ನಮಗಿಂತ ಬಹಳ ಮೊದಲೇ ಬಂದವರು. ಉತ್ತರ ಕರ್ನಾಟಕದ ಹತ್ತಾರು ಮನೆಗಳಿಗೆ ವಾರಕ್ಕೊಮ್ಮೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ನನ್ನ ಕಷ್ಟ ಹೇಳಿಕೊಂಡು, ಒಮ್ಮೆ ಸ್ಟೇಷನ್ನಿಗೆ ಬಂದು ಮಾತಾಡ್ರಿ ಅಂದೆ. ಆಂಟಿ ಒಪ್ಪಲಿಲ್ಲ.

"ನಾ ಏನ್ ಮಾತಾಡ್ಲೆವ್ವಾ ಅಲ್ಲಿ ಬಂದು? ಕೈಯಾಗ ಕೆಲಸ ಇಲ್ದ ಕುಂತ್ರ ನನಗ ಬಾಯಿ ಬರಂಗಿಲ್ಲ. ನೀನ ಇಲ್ಲಿ ಬಾ. ನಾ ರೊಟ್ಟಿ ಬಡೀತಿರ್ತೀನಿ, ನೀ ಏನ್ ಬೇಕೋ ಕೇಳು."

ಶನಿವಾರ ಒಂದು ರೆಕಾರ್ಡರ್ ತೆಗೆದುಕೊಂಡು ಹೋಗಿ ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟೆ. ಆಂಟಿ ಎಸರಿಟ್ಟರು, ಹಿಟ್ಟು ನಾದಿದರು, ಬಡಿಯಲು ಶುರು ಮಾಡಿದರು. ಕೈ ಓಡತೊಡಗಿದ ಮೇಲೆ ಮಾತು ತಾನಾಗಿಯೇ ಬಂತು. ಬಂದ ಹೊಸದರಲ್ಲಿ ಇಲ್ಲಿ ಜೋಳದ ಹಿಟ್ಟು ಸಿಗುತ್ತಿರಲಿಲ್ಲವಂತೆ. ಮೈದಾದ್ದು, ಗೋಧಿಯದ್ದು ತಿಂದು ತಿಂದು ಅಂಕಲ್‌ಗೆ ಸಾಕಾಗಿ ಹೋಗಿತ್ತಂತೆ. ಒಂದು ದಿನ ಊರ ಹೊರಗೆ ಹೋಗುವಾಗ ರಸ್ತೆ ಬದಿಯ ಹೊಲದಲ್ಲಿ ತೆನೆ ನೋಡಿ, ಕಾರು ನಿಲ್ಲಿಸಿ ಇಳಿದು ಮುಟ್ಟಿ ನೋಡಿದರೆ, ಜೋಳ. ಕೆಂಪು ಜೋಳ, ಎಕರೆಗಟ್ಟಲೆ. ಇಲ್ಲಿಯವರು ಅದನ್ನು ದನಕ್ಕೆ, ಕೋಳಿಗೆ ಹಾಕುತ್ತಾರೆ ಅಂತ ಆಮೇಲೆ ತಿಳಿಯಿತಂತೆ. ಮೇವಿನ ಅಂಗಡಿಗೆ ಹೋಗಿ ಒಂದು ಚೀಲ ಕೇಳಿದ್ದಾರೆ.

"ಅಂವಾ ಕೇಳಿದಾ, ಎಷ್ಟ್ ಅದಾವು ಅಂತ. ನನಗ ಅವನ ಮಾತು ಪೂರಾ ತಿಳೀಲಿಲ್ಲ. ಮನ್ಯಾಗ ಎಷ್ಟ್ ಮಂದಿ ಅಂತ ಕೇಳಾಕತ್ತಾನ ಅನಕೊಂಡು ನಾಕು ಅಂದೆ. ನಾಕು ಕೋಳಿಗೆ ಇಷ್ಟು ದೊಡ್ಡ ಚೀಲ ಯಾಕ ಅಂತ ಅಂವಾ ನನ್ನ ಮಾರಿ ನೋಡಿದಾ."

ಚೀಲದ ಮೇಲೆ ಏನು ಬರೆದಿತ್ತು ಅಂತ ನಾನು ಕೇಳಿದೆ. ಮೈಲೋ ಅಂತ ಅಂದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಷ್ಟೋ ವರ್ಷದ ಹಿಂದೆ, ದಿನಾ ಬೆಳಗಾದರೆ ಆ ಮುದುಕ ನನಗೆ ಜೋಳದ ರೇಟು ಓದಿ ಹೇಳುತ್ತಿದ್ದ. ನಾನೂ ಮಗಳೂ ಅವನ ಹಿಂದೆ ಮೈಲೋ ಮೈಲೋ ಅಂತ ಹೇಳುತ್ತಾ, ಜೋಳದ ರೊಟ್ಟಿ ಸಿಗದ ಮನೆಗೆ ವಾಪಸು ಹೋಗುತ್ತಿದ್ದೆವು. ಇದನ್ನು ಆಂಟಿಗೆ ಹೇಳಿದಾಗ ಅವರು ಬಡಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ನಕ್ಕರು. ಆ ನಗುವೂ ರೆಕಾರ್ಡ್ ಆಯಿತು. ಆ ಕೆಂಪು ಹಿಟ್ಟಿಗೆ ಜಿಗಿ ಕಡಿಮೆ, ರೊಟ್ಟಿ ಸೀಳುತ್ತಿತ್ತು, ಬಣ್ಣ ಇಟ್ಟಿಗೆ ಪುಡಿಯ ಹಾಗೆ, ಆದರೂ ಅಂಕಲ್ ಮೊದಲ ದಿನ ಐದು ತಿಂದರು ಅಂತ ಹೇಳಿ ಆಂಟಿ ಮಾತು ಮುಗಿಸಿದರು.

ಭಾನುವಾರ ಅದನ್ನು ಹಾಗೆಯೇ ಬಿಟ್ಟೆ. ಬರೆದು ಓದಿದ್ದು ಒಂದು ಸಾಲೂ ಇಲ್ಲ. ಮೊದಲ ನಿಮಿಷವೆಲ್ಲ ಬರೀ ರೊಟ್ಟಿ ಬಡಿಯುವ ಸಪ್ಪಳ. ಅದು ಮುಗಿಯುವ ಮೊದಲೇ ಫೋನಿನ ದೀಪಗಳು ಹೊತ್ತಿಕೊಂಡವು. ಆಸ್ಟಿನ್‌ಗೆ ಹೊರಟಿದ್ದ ಒಬ್ಬರು, ಮುಂದೆ ಹೋದರೆ ಸ್ಟೇಷನ್ ಕಡಿದು ಹೋಗುತ್ತದೆ ಅಂತ ದಾರಿಯಲ್ಲೇ ಕಾರು ನಿಲ್ಲಿಸಿಕೊಂಡು ಕೂತಿದ್ದರು. ಕಲಬುರಗಿಯ ಒಬ್ಬ ಹುಡುಗಿ, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು, ಈ ಸಪ್ಪಳ ಕೇಳಿ ನಮ್ಮ ಅಮ್ಮಿಯ ಅಡುಗೆಮನೆಯಲ್ಲಿ ಎದ್ದ ಹಾಗಾಯಿತು, ಆಂಟಿ ನನಗೂ ವಾರಕ್ಕೆ ಹತ್ತು ರೊಟ್ಟಿ ಕೊಡುತ್ತಾರಾ ಅಂತ ಕೇಳಿದಳು. ಕೊಡುತ್ತಾರೆ ಅಂತ ನಾನೇ ಹೇಳಿಬಿಟ್ಟೆ. ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಮನೆಗೆ ಹೋದರೆ, ಇವತ್ತು ನೀನು ನಿನ್ನ ಹಾಗೇ ಇದ್ದೆ ಅಂದಳು, ಇಂಗ್ಲಿಷಿನಲ್ಲೇ.

ಮಂಗಳವಾರ ಪಾದ್ರಿಯವರ ಹೆಂಡತಿ ನನ್ನ ಹತ್ತಿರ ಬಂದು, ಆ ಚಪ್ಪಾಳೆ ಯಾವುದು ಅಂತ ಕೇಳಿದರು. ನಾನು ಅಂಗೈ ತೋರಿಸಿ ವಿವರಿಸಿದೆ. ಅವರು ಕನ್ನಡಕ ತೆಗೆದು, ತಮ್ಮ ಅಜ್ಜಿ ಎರಡು ಕೈಯ ನಡುವೆ ಮೆಕ್ಕೆಜೋಳದ ಟೋರ್ಟಿಯಾ ತಟ್ಟುತ್ತಿದ್ದರು, ಈಗ ತಮ್ಮ ಮನೆಯಲ್ಲಿ ಯಾರಿಗೂ ಅದು ಬರುವುದಿಲ್ಲ, ಎಲ್ಲ ಮಷಿನ್ನಿನದ್ದೇ ಅಂದರು. ನಿಮಗೆ ಬರುತ್ತದಾ ಅಂತ ಕೇಳಿದೆ. ನೋಡಬೇಕು ಅಂದರು.

ಹೀಗೆ ಒಂದು ಶನಿವಾರ ಅವರು ಹಿಟ್ಟಿನ ಪೊಟ್ಟಣ ಹಿಡಿದುಕೊಂಡು ಆಂಟಿಯ ಅಡುಗೆಮನೆಗೆ ಬಂದರು. ಇಬ್ಬರಿಗೂ ಒಂದೇ ಭಾಷೆ ಇರಲಿಲ್ಲ. ಆಂಟಿ ಕನ್ನಡದಲ್ಲೇ ಕೂರ್ರಿ ಅಂದರು, ಅವರು ಕೂತರು. ಅವರ ಮೊದಲ ಎರಡು ಟೋರ್ಟಿಯಾ ಹರಿದವು, ಮೂರನೆಯದು ಸೊಟ್ಟಗಾಯಿತು, ನಾಲ್ಕನೆಯದಕ್ಕೆ ಕೈ ನೆನಪಿಸಿಕೊಂಡಿತು. ಆಂಟಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ, "ಚಲೋ ಅದ. ಆದ್ರ ಇಷ್ಟು ಸಣ್ಣಾವ ಮಾಡಿದ್ರ ಹಸದು ಬಂದ ಗಂಡಸರಿಗೆ ಎಷ್ಟ್ ಬಡೀಬೇಕು ಪಾಪ" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪಾದ್ರಿಯವರ ಹೆಂಡತಿ, ಗಂಡಸರು ತಾವೇ ಬಡಿದುಕೊಳ್ಳಲಿ ಅಂದರು. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಒಳಗೆ ಟಿವಿ ನೋಡುತ್ತಿದ್ದ ಅಂಕಲ್ ಸದ್ದು ಜೋರು ಮಾಡಿದರು. ಆ ವಾರದ ಅರ್ಧ ಗಂಟೆಯನ್ನು ಪಾದ್ರಿಯವರ ಹೆಂಡತಿಯೇ ಹಠ ಮಾಡಿ ಎರಡು ಸಲ ಹಾಕಿಸಿದರು, ಒಮ್ಮೆ ನಮ್ಮ ಹೊತ್ತಿಗೆ, ಇನ್ನೊಮ್ಮೆ ಅವರ ಪ್ರಾರ್ಥನೆ ಮುಗಿದ ಮೇಲೆ.

ಐದು ವರ್ಷ ಹೀಗೆ ನಡೆಯಿತು. ಬೇರೆ ಬೇರೆ ಮನೆಗಳ ಅಡುಗೆಮನೆ, ಹಿತ್ತಿಲು, ಗ್ಯಾರೇಜುಗಳಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತೆ. ಜನ ಕೆಲಸ ಮಾಡುತ್ತಾ ಮಾತಾಡಿದರು, ನಾನು ಕೇಳಿಸಿಕೊಂಡೆ. ಹಾಡಿಲ್ಲ ಅಂತ ಯಾರೂ ಫೋನ್ ಮಾಡಲಿಲ್ಲ.

ಆಮೇಲೆ ಚರ್ಚಿನವರಿಗೆ ಒಂದು ಎಫ್ಎಂ ಸಿಕ್ಕಿತು. ನಮ್ಮ ಸ್ಟೇಷನ್ನನ್ನು ಡಾಲಸ್ಸಿನ ಒಂದು ಕಂಪನಿ ಕೊಂಡಿತು. ಈಗ ಅದರಲ್ಲಿ ದಿನವಿಡೀ ಆಟದ ಮಾತು, ಯಾರು ಗೆದ್ದರು, ಯಾರನ್ನು ಯಾಕೆ ತೆಗೆದರು ಅಂತ. ಅದು ಎಲ್ಲಿಂದಲೋ ಕಂಪ್ಯೂಟರಿನಲ್ಲಿ ಬರುತ್ತದೆ. ಪವರ್ ಇಳಿಸುವುದೂ ಕಂಪ್ಯೂಟರೇ. ಭಾನುವಾರದ ಅರ್ಧ ಗಂಟೆಗೆ ಜಾಗವಿಲ್ಲ ಅಂತ ಅವರು ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿದರು. ನಾನು ಆ ಸುದ್ದಿ ಹೇಳಲು ಆಂಟಿಯ ಮನೆಗೆ ಹೋದೆ. ಅಳು ಬರುತ್ತದೇನೋ ಅಂದುಕೊಂಡಿದ್ದೆ, ಬರಲಿಲ್ಲ. ಆಂಟಿ ಕೇಳಿಸಿಕೊಂಡು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ರೇಡಿಯೋ ಮಾರಿದ್ರ ಮಾರ್ಲಿ ಬಿಡವ್ವಾ. ನಿನ್ನ ಬಾಯಿ ಏನ್ ಮಾರಿಲ್ಲಲ್ಲಾ?" ಅಂದು, ಮುಂದಿನ ಶನಿವಾರ ಬರುವಾಗ ಮೆಂತ್ಯ ಸೊಪ್ಪು ತರಲು ಹೇಳಿದರು.

ಕೆಲಸ ಹೋಯಿತು ಅಂದುಕೊಂಡು ನಾನು ಎರಡು ಕಡೆ ಅರ್ಜಿಯನ್ನೂ ಹಾಕಿದ್ದೆ. ಅಷ್ಟರಲ್ಲಿ ಎಂಜಿನಿಯರ್ ಫೋನ್ ಮಾಡಿದರು. ಅವರಿಗೆ ಈಗ ಎಂಬತ್ತು ದಾಟಿದೆ, ಮಂಡಿ ಬಗ್ಗುವುದಿಲ್ಲ. ಸ್ಟುಡಿಯೋ ಇಲ್ಲದಿದ್ದರೂ ಕಂಬಗಳನ್ನು ವಾರಕ್ಕೊಮ್ಮೆ ಯಾರಾದರೂ ಹೋಗಿ ನೋಡಲೇಬೇಕು, ದಾಖಲೆ ಪರಿಶೀಲಿಸಿ ಸಹಿ ಹಾಕುವುದಕ್ಕೆ ಜವಾಬ್ದಾರಿಯ ಒಬ್ಬರು ಇರಬೇಕು ಅಂತ ಕಾನೂನಿದೆ, ನಿಮ್ಮ ಹೆಸರು ಕೊಟ್ಟಿದ್ದೇನೆ ಅಂದರು. ನನ್ನನ್ನು ಕೇಳಿರಲಿಲ್ಲ. ಮೀಟರು ಓದುವುದು ನನಗೆ ಬರುವುದಿಲ್ಲ ಅಂದೆ. ಸೂರ್ಯ ಮುಳುಗುವುದನ್ನು ಒಂದು ದಿನವೂ ತಪ್ಪಿಸದವರು ಮೀಟರನ್ನೂ ಓದುತ್ತಾರೆ ಅಂದರು.

ಈಗ ಎರಡು ವರ್ಷದಿಂದ ಗುರುವಾರ ಬೆಳಿಗ್ಗೆ ನಾವಿಬ್ಬರೂ ಆ ಬಯಲಿಗೆ ಹೋಗುತ್ತೇವೆ. ದನಗಳು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತವೆ. ಒಂದೊಂದು ಕಂಬದ ಬುಡದಲ್ಲೂ ಬೇಲಿಯೊಳಗೆ ಮೀಟರು ಇಟ್ಟ ಒಂದು ಸಣ್ಣ ಗೂಡಿದೆ. ಅದರ ಬಾಗಿಲು ತೆಗೆಯುವ ಮೊದಲು ಕೋಲಿನಿಂದ ತಟ್ಟಬೇಕು, ಹಾವಿದ್ದರೆ ಸರಿದು ಹೋಗಲಿ ಅಂತ. ಒಳಗೆ ಕಚ್ಚಿದರೆ ಬೆಂಕಿ ಹತ್ತಿದ ಹಾಗೆ ಉರಿಸುವ ಕೆಂಪಿರುವೆ ಗೂಡು ಕಟ್ಟಿರುತ್ತವೆ, ಅದನ್ನು ಗುಡಿಸಿ ಮದ್ದು ಹಾಕುತ್ತೇನೆ. ಎಂಜಿನಿಯರ್ ಮಡಚುವ ಕುರ್ಚಿಯಲ್ಲಿ ಕೂತು ಕೇಳುತ್ತಾರೆ, ನಾನು ಮುಳ್ಳು ಎಷ್ಟರ ಮೇಲಿದೆ ಅಂತ ಓದಿ ಹೇಳುತ್ತೇನೆ. ಮೊದಲು ಅವರು ಬರೆದುಕೊಳ್ಳುತ್ತಿದ್ದರು, ಈಗ ನಾನೇ ಬರೆದುಕೊಳ್ಳುತ್ತೇನೆ. ಸ್ಟೇಷನ್ನಿನಲ್ಲಿ ಆ ಹೊತ್ತಿಗೆ ಯಾವ ಆಟದ ಜಗಳ ನಡೆಯುತ್ತಿದೆ ಅಂತ ನಮಗಿಬ್ಬರಿಗೂ ಗೊತ್ತಿರುವುದಿಲ್ಲ.

ಕಳೆದ ತಿಂಗಳು ಕಂಪನಿಯಿಂದ ಒಂದು ಕಾಗದ ಬಂತು. ಮುಖ್ಯ ಆಪರೇಟರ್ ಅಂತ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಟೈಪಾಗಿತ್ತು. ಅದನ್ನು ಟ್ರಾನ್ಸ್‌ಮಿಟರ್ ಕೋಣೆಯ ಗೋಡೆಗೆ ಅಂಟಿಸಬೇಕು ಅಂತ ನಿಯಮ. ಎಂಜಿನಿಯರ್ ಕುರ್ಚಿಯಿಂದಲೇ ಎಡಕ್ಕೆ, ಸ್ವಲ್ಪ ಮೇಲೆ ಅಂತ ಹೇಳುತ್ತಾ ಹೋದರು, ನಾನು ಅಂಟಿಸಿದೆ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳು ಈಗ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನಲ್ಲಿದ್ದಾಳೆ, ಚಿಪ್ ಕಂಪನಿಯಲ್ಲಿ ಕೆಲಸ. ಸಂಜೆ ಫೋನ್ ಮಾಡಿ, ಹಾಗಾದರೆ ಈಗ ಸ್ಟೇಷನ್ನಿನ ಬಾಸ್ ನೀನೇನಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲವ್ವಾ, ಬಾಸ್ ಬೇರೆ ಅದಾರ" ಅಂದೆ. "ಈ ತಿಂಗಳು ಯಾರು ಅಂತ ಕಾಗದ ನೋಡಿ ಹೇಳ್ಬೇಕು."